ಬೀಗರ ಸಿಗಡಿ, ನಮ್ಮ ಹತ್ತು ಬಲ್ಬು

ಸುರಪುರದ ನಮ್ಮ ಓಣಿಗೆ ಕರೆಂಟ್ ಬಂದದ್ದು ಕರ್ನಾಟಕ ಒಂದಾದ ಹೊಸದರಲ್ಲಿ. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನದ ಹೊಸ ಮಾಸ್ತರ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಮುಜಾಹಿಮತ್ ಎಂದು ಕಲಿತದ್ದನ್ನು ಕನ್ನಡದಲ್ಲಿ ರೋಧ ಎಂದು ಕಲಿಸಬೇಕಿತ್ತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟು. ಸದ್ಯ, ಯಾವ ಸರಕಾರ ಬಂದರೂ ಸೂತ್ರ ಅದೇ. ಮಕ್ಕಳು ಮಾತ್ರ ಎರಡೂ ಭಾಷೆಯಲ್ಲಿ ಆಕಳಿಸುತ್ತಿದ್ದರು.

ಆ ವರ್ಷವೇ ತಂಗಿಯ ಮದುವೆ. ಗೋಧೂಳಿ ಮುಹೂರ್ತ, ಮನೆ ಮುಂದೆ ಹಂದರ, ಹಂದರಕ್ಕೆ ಅರವತ್ತು ವ್ಯಾಟಿನ ಹತ್ತು ಬಲ್ಬು. ಬೆಳಿಗ್ಗೆಯೇ ನಮ್ಮ ಅಜ್ಜಿ ಗುಂಡಿ ಒತ್ತಿಸಿ, ಬಲ್ಬಿಗೆ ಕೈಮುಗಿದು ಹುಕುಂ ಹೊರಡಿಸಿದಳು: "ಮದುವಿ ಮನ್ಯಾಗ ಹಚ್ಚಿದ ದೀಪ ಅಕ್ಕಿಕಾಳು ಬೀಳೋತನಕ ಆರಬಾರದು." ಅಕ್ಷತೆ ಬೀಳುವುದು ಸಂಜೆಗೆ; ರಣಬಿಸಿಲಿನಲ್ಲಿ ಹತ್ತು ಬಲ್ಬು ಉರಿಯುತ್ತಿದ್ದವು, ನೋಡಿ ನನಗೂ ಉರಿಯುತ್ತಿತ್ತು. ಆದರೆ ಅಜ್ಜಿಗೆ ಎದುರಾಡುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ.

ಮಧ್ಯಾಹ್ನ ಯಾದಗಿರಿಯಿಂದ ಬೀಗರು ಬಂದರು, ಜೊತೆಗೆ ಅವರ ಹೆಮ್ಮೆಯ ಕರೆಂಟ್ ಸಿಗಡಿಯೂ, ಅಂದರೆ ವಿದ್ಯುತ್ ಒಲೆಯೂ, ಬಂತು. ಚಹಾಕ್ಕೆಂದು ಅದನ್ನು ಹಚ್ಚಿದ್ದೇ ತಡ, ಫ್ಯೂಜ್ ಹಾರಿ ಹತ್ತೂ ಬಲ್ಬು ಗಪ್! ಅಜ್ಜಿ ಎದೆ ಹಿಡಿದು ಕುಂತಳು. ಒಳಗೆ ತಂಗಿ ಅರಿಶಿನದ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ಅಣ್ಣಾ, ಅಕ್ಕಿಕಾಳಿನ ಹೊತ್ತಿಗೆ ಹಿಂಗಾದ್ರ ಅತ್ತಿ ಮನ್ಯಾಗ ಜನ್ಮಪೂರ್ತಿ ನನ್ನ ಕಾಲ್ಗುಣ ಅಂತ ಆಡ್ಕೋತಾರ."

ಅಷ್ಟರಲ್ಲಿ ಸೋದರಮಾವ ದಪ್ಪ ತಂತಿಯ ತುಂಡು ಹಿಡಿದು ಬಂದ. "ಫ್ಯೂಜಿಗೆ ಇದನ್ನ ಸುತ್ತೋ. ಹೆಂಗ ಹಾರ್ತದ ನೋಡ್ತೀನಿ."

"ಮಾಮಾ, ಫ್ಯೂಜ್ ಹಾರಂಗಿಲ್ಲ, ಮನಿ ಹಾರ್ತದ! ವೈರು ಕಾದು ಜಂತಿಗೆ ಬೆಂಕಿ ಹತ್ತಿದ್ರ?" ಎಂದು ರೇಗಿದೆ.

"ಹಂಗಾರ ಸಿಗಡಿ ತೆಗೀರಿ ಅಂತ ಬೀಗರಿಗೆ ನೀನೇ ಹೇಳಿ ಬಾ, ಹೋಗು."

ಅದೂ ಆಗದ ಮಾತು. ಬೀಗರಿಗೆ ಬೇಡ ಎಂದರೆ ಆ ಚಹಾದ ಸುದ್ದಿ ಮೊಮ್ಮಕ್ಕಳ ಮದುವೆಯಲ್ಲೂ ಏಳುತ್ತಿತ್ತು.

ಇದ್ದಲಿ ಹಿಡಿದು ಕಟ್ಟೆಯ ಮೇಲೆ ಲೆಕ್ಕಕ್ಕೆ ಕುಂತೆ. "ಶುಭಕಾರ್ಯದಾಗ ಕರಿ ಗೀರಾ?" ಎಂದು ಅಜ್ಜಿ ಅದನ್ನು ಕಸಿದು ರಂಗೋಲಿ ಬಟ್ಟಲು ಕೈಗಿಟ್ಟಳು. ರಂಗೋಲಿಯಲ್ಲೇ ಬರೆದೆ. ಇನ್ನೂರಿಪ್ಪತ್ತು ವೋಲ್ಟು. ಬಲ್ಬು ಆರುನೂರು ವ್ಯಾಟು, ಸಿಗಡಿ ಏಳುನೂರೈವತ್ತು. ಕೂಡಿಸಿ ವೋಲ್ಟಿನಿಂದ ಭಾಗಿಸಿದರೆ ಆರು ಆಂಪಿಯರು ದಾಟಿತು. ಫ್ಯೂಜಿನ ತಾಕತ್ತು ಐದು. ಇನ್ನು ಒಂದು ಬಲ್ಬಿನ ರೋಧ ಸುಮಾರು ಎಂಟುನೂರು ಓಮು. ಎರಡನ್ನು ಒಂದರ ಹಿಂದೊಂದು ಒಂದೇ ತಂತಿಗೆ ಪೋಣಿಸಿದರೆ? ರೋಧ ಇಮ್ಮಡಿ, ಆ ಜೋಡಿಯಲ್ಲಿ ಹರಿಯುವುದು ಒಂದು ಬಲ್ಬಿನ ಅರ್ಧ ಕರೆಂಟು. ಹತ್ತಕ್ಕೂ ಸೇರಿ ಒಂದು ಆಂಪಿಯರೂ ಬೇಡ, ಸಿಗಡಿಯ ಮೂರೂವರೆ ಕೂಡಿಸಿದರೂ ಐದರೊಳಗೆ! ಕಟ್ಟೆಯ ಮೇಲೆಯೇ ಕುಣಿಯಬೇಕು ಅನ್ನಿಸಿತು.

ಸಂಜೆಯೊಳಗೆ ಬಲ್ಬುಗಳನ್ನು ಜೋಡಿ ಜೋಡಿ ಮಾಡಿದೆ. ಹೊಸ ಫ್ಯೂಜ್ ತಂತಿ ಹಾಕಿ ಗುಂಡಿ ಒತ್ತಿದರೆ, ಹತ್ತೂ ಮಂದವಾಗಿ ಕೆಂಪಗೆ ಹೊತ್ತಿದವು.

"ಏನೋ ಮಾಸ್ತರ, ನಿನ್ನ ಬಲ್ಬಿಗೆ ಜ್ವರ ಬಂದಾವೇನು?" ಎಂದು ಮಾವ ನಕ್ಕ.

"ಸಣ್ಣಗಿದ್ರ ಏನಾತು, ಮತ್ತ ಹತ್ತಿದ್ವಲ್ಲ. ಇನ್ನ ಆರದಿದ್ರ ಸಾಕು," ಎಂದು ಅಜ್ಜಿ ಕೈಮುಗಿದಳು. ಆಚೆ ಬೀಗರು ಚಹಾ ಕುದಿಸುತ್ತಲೇ ಇದ್ದರು.

ಮುಹೂರ್ತ ಬಂತು. ಅಂತರಪಟದ ಈಚೆ ನಿಂತ ತಂಗಿ ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದಳು: "ಲೆಕ್ಕ ಖರೇ ಅದ ಅಲ್ಲಣ್ಣಾ?"

"ರಂಗೋಲಿಯಾಗ ಬರ್ದೀನಿ, ಸುಮ್ನಿರವ್ವ," ಅಂದೆ. ಕಣ್ಣು ಮಾತ್ರ ಫ್ಯೂಜಿನ ಕಡೆಗೇ ಇಟ್ಟಿದ್ದೆ.

ಅಕ್ಕಿಕಾಳು ಬಿದ್ದವು, ಅಂತರಪಟ ಸರಿಯಿತು. ವರ ಆಸೆಯಿಂದ ಅವಳ ಮುಖ ನೋಡಿದ. ಅವಳು ತಲೆ ಎತ್ತಿ ಮೊದಲು ಹತ್ತೂ ಬಲ್ಬು ನೋಡಿದಳು, ಆಮೇಲೆ ಅವನನ್ನು ನೋಡಿ ನಕ್ಕಳು.