ಅಪ್ಪನ ಹೆಗಲಿನ ವಲ್ಲಿ

ಸಭೆಗಳಲ್ಲಿ ಶಾಲು ಹೊದಿಸಿ ಚಪ್ಪಾಳೆ ತಟ್ಟುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೆಗಲ ಮೇಲೆ ಬಟ್ಟೆ ಹಾಕುವುದು ಗೌರವವಂತೆ! ನಮ್ಮಪ್ಪನ ಹೆಗಲ ಮೇಲಿದ್ದದ್ದೂ ಬಟ್ಟೆಯೇ. ಅದನ್ನು ತೆಗೆಸಿದ ಮನೆತನದವರೇ ಇವತ್ತು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂರುತ್ತಾರೆ.

ಹೊಸನಗರದ ಕಡೆಯ ಗೇಣಿದಾರರು ನಾವು. ಅಪ್ಪನ ವಲ್ಲಿ ತೀರ್ಥಹಳ್ಳಿ ಪೇಟೆಯಿಂದ ತಂದದ್ದು, ಒರಟು ನೂಲು, ಕೆಂಪಂಚು. ಸೊಪ್ಪಿನ ಹೊರೆ ಹೊರುವಾಗ ಅದೇ ತಲೆಯ ಸಿಂಬೆ, ಹಳ್ಳದ ಮೀನಿಗೆ ಅದೇ ಬಲೆ. ಕಾಡಿನ ಅಣಬೆ ಅದರಲ್ಲೇ ಗಂಟಾಗಿ ಮನೆಗೆ ಬರುತ್ತಿತ್ತು. ಆಗಷ್ಟೇ ಹುಟ್ಟಿದ ಕರುವಿನ ಮೈ ಒರೆಸಿದ್ದು ಅದರಲ್ಲೇ, ನನಗೆ ಜ್ವರ ಬಂದಾಗ ಒದ್ದೆ ಮಾಡಿ ಹಣೆಗೆ ಹಾಕಿದ್ದೂ ಅದನ್ನೇ. ಇಷ್ಟಕ್ಕೆಲ್ಲ ಆಗುತ್ತಿದ್ದ ಬಟ್ಟೆ ಗದ್ದೆಯ ಒಡೆಯರ ಅಂಗಳದಲ್ಲಿ ಮಾತ್ರ ಹೆಗಲ ಮೇಲೆ ಇರುವಂತಿರಲಿಲ್ಲ. ಅವರ ಬೇಲಿಯ ದಾರಿಗೆ ಅಡ್ಡ ಹಾಕಿದ ಉಣಗೋಲು ದಾಟುವ ಮೊದಲೇ ಅಪ್ಪನ ಕೈ ಮೇಲೆ ಹೋಗಿ, ವಲ್ಲಿ ಎಳೆದು, ಸೊಂಟಕ್ಕೆ ಸುತ್ತಿಬಿಡುತ್ತಿತ್ತು. ಆಡುತ್ತಿದ್ದ ಮಾತೂ ನಿಲ್ಲುತ್ತಿರಲಿಲ್ಲ.

ಲಿಂಗನಮಕ್ಕಿಯ ನೀರು ಏರುತ್ತಿದ್ದ ವರ್ಷ ಅಕ್ಕನನ್ನು ಸಾಗರದ ಕಡೆಗೆ ಕೊಟ್ಟರು. ಆ ಕಡೆಯ ಗೇಣಿದಾರರು ಆಗಲೇ ತಲೆಯೆತ್ತಿ ಮಾತಾಡಲು ಕಲಿತಿದ್ದರು. ಹೊಸ ಅಳಿಯನನ್ನು ಕಾಯಿ, ವೀಳ್ಯದ ಸಮೇತ ಒಡೆಯರಿಗೆ ತೋರಿಸಿ ಬರುವುದು ನಮ್ಮಲ್ಲಿನ ಪದ್ಧತಿ. ಅಕ್ಕನ ಜೊತೆ ನಾನೂ ಹೋಗಿದ್ದೆ. ಭಾವ ವಲ್ಲಿ ತೆಗೆಯಲಿಲ್ಲ. ಜಗಲಿಯಲ್ಲಿ ಕೂತಿದ್ದ ಒಡೆಯರು ಅವನ ಹೆಗಲು ನೋಡಿದರು, ಮುಖ ಆಚೆ ತಿರುಗಿಸಿದರು. ಅಷ್ಟೇ. ಗದ್ದೆ ಬಿಡಿಸುತ್ತಾರೆ ಎಂದು ಅಪ್ಪ ಹೆದರಿದ. ನೋಡುನೋಡುತ್ತಿದ್ದಂತೆ ಅಳಿಯನ ಹೆಗಲಿನಿಂದ ವಲ್ಲಿಯನ್ನು ತಾನೇ ಕಿತ್ತ.

"ಹುಡುಗ, ಗೊತ್ತಾಗ್ಲಿಲ್ಲ ಒಡೆಯಾ" ಎಂದ.

ಮದುವೆ ಗಂಡಿನ ಮೈಮೇಲಿನ ಬಟ್ಟೆಗೆ ಮಾವ ಕೈ ಹಾಕುವುದೆಂದರೇನು! ಭಾವ ನಮ್ಮನೆಗೆ ಬಂದು ಊಟಕ್ಕೂ ಕೂರಲಿಲ್ಲ. ಅಕ್ಕನನ್ನು ಹೊರಡಿಸಿಕೊಂಡು, ಹೊಸ್ತಿಲಾಚೆ ನಿಂತು ಹೇಳಿದ: "ಮಾವ, ಆ ಅಂಗಳಕ್ಕೆ ನೀವು ಹೆಗಲ ಮೇಲೆ ವಲ್ಲಿ ಹಾಕ್ಕೊಂಡು ಹೋಗಿಬರೋ ತನಕ ನಾನು ನಿಮ್ಮನೆ ನೀರು ಮುಟ್ಟಲ್ಲ. ಇವಳೂ ಬರಲ್ಲ."

ಅವನ ಮೇಲೂ ನನಗೆ ಸಿಟ್ಟು ಬಂತು. ಇವರಿಬ್ಬರ ಹೆಗಲಿನ ಜಗಳಕ್ಕೆ ತವರು ಕಳೆದುಕೊಂಡವಳು ಅಕ್ಕ. ಅವಳು ಬಸುರಿ ಎಂಬ ಸುದ್ದಿ ಬಂದಾಗ ಅವ್ವ ಒಲೆ ಮುಂದೆ ಕೂತು ಅತ್ತಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ಇನ್ಯಾವಾಗ ಬರುವುದು? ಅಪ್ಪ ಎರಡು ಸಲ ಒಡೆಯರ ಅಂಗಳಕ್ಕೆ ಹೊರಟ. ಎರಡು ಸಲವೂ ಉಣಗೋಲಿನ ಹತ್ತಿರ ಕೈ ತನ್ನ ಪಾಡಿಗೆ ವಲ್ಲಿ ಎಳೆದಿತ್ತು. ಸೊಂಟಕ್ಕೆ ಸುತ್ತಿದ್ದು ತನಗೆ ಗೊತ್ತೇ ಆಗಲಿಲ್ಲ ಎಂದ. ನಾನು ನಂಬಲಿಲ್ಲ. ಹೇಡಿ ಎಂದು ಮನಸ್ಸಿನಲ್ಲೇ ಬೈದೆ.

ಅವ್ವ ಬೈಯಲಿಲ್ಲ. ಸೂಜಿ ದಾರ ತಂದು, ವಲ್ಲಿಯನ್ನು ಅಪ್ಪನ ಅಂಗಿಯ ಹೆಗಲಿಗೆ ಸೇರಿಸಿ ದಪ್ಪ ಹೊಲಿಗೆ ಹಾಕಿದಳು. "ಈಗ ಹೋಗಿ" ಎಂದಳು. ನನ್ನ ತಲೆ ಮೇಲೆ ಬಾಳೆಗೊನೆ ಹೊರಿಸಿ ಅಪ್ಪನ ಹಿಂದೆ ಕಳಿಸಿದಳು.

ಬೇಸಿಗೆಯ ಮಧ್ಯಾಹ್ನ. ಉಣಗೋಲು ಬಂದ ಕೂಡಲೇ ಅಪ್ಪನ ಕೈ ಮೇಲೆ ಹೋಯಿತು, ವಲ್ಲಿ ಹಿಡಿದು ಎಳೆಯಿತು. ಹೊಲಿಗೆ ಬಿಡಲಿಲ್ಲ. ಮತ್ತೆ ಎಳೆಯಿತು. ಅಪ್ಪ ತನ್ನ ಕೈಯನ್ನೇ ಬೇರೆಯವರ ಕೈ ನೋಡುವ ಹಾಗೆ ನೋಡಿದ. ಆಗ ನನಗೆ ನಂಬಿಕೆ ಬಂತು. ಆಮೇಲೆ ಹಾಗೇ ಅಂಗಳಕ್ಕೆ ನಡೆದ.

ಒಡೆಯರು ಎಲೆಯಡಿಕೆ ಅಗಿಯುತ್ತಾ ಅವನ ಹೆಗಲು ನೋಡಿ ನಕ್ಕರು. "ಎಂತ ಮಾರಾಯ, ಚಳಿಯಾ?"

ಅಪ್ಪನ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. "ಹೌದು ಒಡೆಯಾ, ಚಳಿ" ಎಂದ.

ಬಾಳೆಗೊನೆಯನ್ನು ಆ ಜಗಲಿಯ ಮೇಲೆ ಎತ್ತಿ ಕುಕ್ಕಬೇಕು ಅನ್ನಿಸಿತು. ಮೆಲ್ಲಗೆ ಇಳಿಸಿದೆ.

ಸುದ್ದಿ ಮುಟ್ಟಿದ ಮೇಲೆ ಭಾವ ಅಕ್ಕನನ್ನು ಕರೆದುಕೊಂಡು ಬಂದ. ಊಟಕ್ಕೆ ಕೂತವನು ಕೇಳಿದ: "ಒಡೆಯರು ಎಂತ ಅಂದ್ರು ಮಾವ?"

ಅಪ್ಪ ಅನ್ನ ಕಲಸುವುದು ನಿಲ್ಲಿಸಿದ. "ನಗಾಡಿದ್ರು ಭಾವ" ಎಂದೆ ನಾನು. "ಅಪ್ಪ ವಲ್ಲಿ ತೆಗೀಲಿಲ್ಲ." ಎರಡೂ ನಿಜವೇ. ಉಳಿದದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಮರುದಿನ ಅಂಗಿ ಒಗೆಯಲೆಂದು ಅವ್ವ ಹೊಲಿಗೆ ಬಿಚ್ಚಲು ಕೂತಳು. ಅಪ್ಪ ಅವಳ ಕೈಯಿಂದ ಅಂಗಿ ತೆಗೆದುಕೊಂಡ.

"ಬಿಚ್ಚಬೇಡ, ಇರ್ಲಿ" ಎಂದ. "ನಂಗೆ ಈ ಕೈ ಮೇಲೆ ನಂಬಿಕೆ ಇಲ್ಲ."