ನೀಲತ್ತಿ ಯಾವ ಊರಾಕಿ

ಬಟ್ಟೆಗೆ ಅಂಟಿಸಿದ ಹಳೆಯ ಗೋಡೆ ನಕಾಶೆಯನ್ನು ಬಿಚ್ಚುವಾಗ ಒಂದು ವಾಸನೆ ಬರುತ್ತದೆ. ಧೂಳು, ವಾರ್ನಿಶ್, ಒಣಗಿ ಗರಿಗರಿಯಾದ ಮೈದಾ ಅಂಟು, ಮೂರೂ ಕೂಡಿದ ವಾಸನೆ. ಈಗಿನ ಪ್ಲಾಸ್ಟಿಕ್ ನಕಾಶೆಗಳಿಗೆ ಅದು ಇಲ್ಲ. ನಾನು ಕುಂದಗೋಳದಲ್ಲಿ ಸಮಾಜ ವಿಜ್ಞಾನ ಕಲಿಸುವವಳು, ಮಕ್ಕಳ ಬಾಯಲ್ಲಿ ಅಕ್ಕೋರು. ಮೊನ್ನೆ ಜನಸಂಖ್ಯೆಯ ಪಾಠಕ್ಕೆಂದು ಶಾಲೆಯ ಕಪಾಟಿನ ತಳದಿಂದ ಅಂಥದೊಂದು ಸುರುಳಿಯನ್ನು ಎಳೆದು ಬಿಚ್ಚಿದೆ. ನಮ್ಮ ಜಿಲ್ಲೆಯದೇ ನಕಾಶೆ. ಅಂಚನ್ನು ಹುಳ ತಿಂದಿತ್ತು, ನವಲಗುಂದದ ಮೇಲೆ ಒಂದು ತೂತು ಬಿದ್ದಿತ್ತು. ವಾಸನೆ ಮೂಗಿಗೆ ಬಡಿದದ್ದೇ ತಡ, ಕೋಲು ಹಿಡಿದ ನನ್ನ ಕೈ ಹಾಗೇ ನಿಂತಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುವಯಸ್ಸಿನ ಅಕ್ಕೋರು ಜಿಲ್ಲೆಯ ನಕಾಶೆ ನೋಡಿ ಕಣ್ಣು ಒರೆಸಿಕೊಂಡರೆ ಅವರಾದರೂ ಏನೆಂದು ತಿಳಿಯಬೇಕು? ಕಣ್ಣಿಗೆ ಧೂಳು ಬಿತ್ತೆಂದು ಹೇಳಿ ಪಾಠ ಮುಂದುವರಿಸಿದೆ.

ನಮ್ಮಪ್ಪ ಗುಡಗೇರಿಯ ಆಚೆಗಿನ ನಮ್ಮ ಹಳ್ಳಿಯಲ್ಲೇ ಮಾಸ್ತರರಾಗಿದ್ದರು. ಬೇಸಿಗೆ ರಜೆ ಬಂತೆಂದರೆ ಶಾಲೆಯ ಹರಕು ನಕಾಶೆಗಳೆಲ್ಲ ನಮ್ಮ ಪಡಸಾಲೆಗೆ ಬಂದು ಬೀಳುತ್ತಿದ್ದವು. ಅಪ್ಪನ ತಂಗಿ ನೀಲತ್ತಿ ಒಲೆಯ ಮೇಲೆ ಮೈದಾ ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡುತ್ತಿದ್ದಳು. ಅಜ್ಜನ ಹಳೆಯ ಧೋತರದ ತುಂಡನ್ನು ನಕಾಶೆಯ ಬೆನ್ನಿಗೆ ಹಚ್ಚಿ, ಒಂದು ಗುಳ್ಳೆಯೂ ಉಳಿಯದಂತೆ ಅಂಗೈಯಿಂದ ಸವರುವುದೂ ಅವಳ ಕೆಲಸವೇ. ನಮ್ಮದು ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ. ಹೊರಗೆ ಎರೆಹೊಲ ಬಿಸಿಲಿಗೆ ಬಾಯಿ ಬಿಟ್ಟು ಬಿದ್ದಿದ್ದರೂ ಒಳಗೆ ಸೆಗಣಿ ಸಾರಿಸಿದ ನೆಲ ತಣ್ಣಗಿರುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಮಧ್ಯಾಹ್ನದ ಹೊತ್ತಿಗೆ ನಕಾಶೆಯ ಮೇಲೆ ಹರಿದುಹೋಗುವುದನ್ನು ನಾನು ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದೆ. ಅಪ್ಪ ಅಲ್ಲೇ ಪಾಠ ಸುರು ಮಾಡುತ್ತಿದ್ದರು. ದಿಕ್ಕು, ಪ್ರಮಾಣ, ಚಿಹ್ನೆ, ಹೆಸರು ಇವಿಲ್ಲದೆ ನಕಾಶೆ ನಕಾಶೆಯಲ್ಲ. "ಊರಾಗಿಂದೆಲ್ಲಾ ಕಾಗದದಾಗ ಹಿಡಿಸಂಗಿಲ್ಲ. ಏನ ಬಿಡಬೇಕು ಅನ್ನೂದು ಗೊತ್ತಿದ್ದಾಂವ ನಕಾಶಿ ಬರೀತಾನ" ಎನ್ನುತ್ತಿದ್ದರು. ನೀಲತ್ತಿ ಅಂಟಿನ ಕೈಯನ್ನು ನನ್ನ ಮೂಗಿಗೆ ಒರೆಸಿ ನಗುತ್ತಿದ್ದಳು. ಆ ನಗೆಗೆ ಅಡಿಗೆಮನೆಯಿಂದ ಆಯಿ, ಅಂದರೆ ನನ್ನ ಅಜ್ಜಿ, ಗದರುತ್ತಿದ್ದಳು. ಮೈದಾ ಹಾಳಾಯಿತೆಂಬುದು ಆಯಿಯ ಸಂಕಟ.

ಅಪ್ಪ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಕಟ್ಟುನಿಟ್ಟಿನ ಮನುಷ್ಯ. ಜನಗಣತಿಯ ಕೆಲಸ ಬಂದಾಗ ನಮ್ಮ ಓಣಿಗಳ ನಕಾಶೆ ಬರೆಯುವುದೂ ಅವರ ಪಾಲಿಗೆ ಬಂತು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ ಹಾಕಬೇಕು. ಊರಿನ ದೊಡ್ಡ ಮನೆಗಳಲ್ಲಿ ನಮ್ಮದೂ ಒಂದು; ತೇಗದ ಕಂಬ, ಕೆತ್ತನೆಯ ಬಾಗಿಲು. ಆದರೆ ಗೋಡೆ ಮಣ್ಣಿನದು, ಮಾಳಿಗೆ ಮಣ್ಣಿನದು. ಅಪ್ಪ ಒಂದು ಗಳಿಗೆಯೂ ಯೋಚಿಸದೆ ನಮ್ಮ ಮನೆಗೆ ತ್ರಿಕೋನ ಹಾಕಿದರು. ಓದು ಬಾರದ ಆಯಿಗೆ ನಾನೇ ಹೋಗಿ ಅದನ್ನು ತಿಳಿಸಿ ಬಂದೆ. "ನಿಮ್ಮ ಮುತ್ಯಾ ಕಟ್ಟಿಸಿದ ಮನಿ ಕಚ್ಚಾ ಆತೇನ? ಮೊನ್ನೆ ಮೊನ್ನೆ ಇಟ್ಟಂಗಿ ಇಟ್ಟಾಂವಂದು ಪಕ್ಕಾ?" ಎಂದು ಆಯಿ ಎರಡು ದಿನ ಮಗನಿಗೆ ಸಿಡಿಮಿಡಿಯಿಂದಲೇ ರೊಟ್ಟಿ ಬಡಿಸಿದಳು. ಅಪ್ಪನಿಗೆ ನಿಯಮ ನಿಯಮವೇ; ನಮ್ಮನೆಯೆಂದು ಬದಲಾಗುವುದಿಲ್ಲ. ಆಗ ನಮಗದು ನಗೆಯ ವಿಷಯವಾಗಿತ್ತು.

ಅಷ್ಟರೊಳಗೆ ನೀಲತ್ತಿ ಮದುವೆಯಾಗಿ ಅಳ್ನಾವರಕ್ಕೆ ಹೋಗಿದ್ದಳು. ನಾನೀಗ ತರಗತಿಯಲ್ಲಿ ವಲಸೆ ಎಂದರೇನು ಎಂದು ಕೇಳಿದರೆ ಮಕ್ಕಳು ಹುಬ್ಬಳ್ಳಿಗೆ, ಗೋವೆಗೆ ದುಡಿಯಲು ಹೋದವರನ್ನು ಹೇಳುತ್ತಾರೆ. ನಿಮ್ಮ ಅವ್ವ ಎಲ್ಲಿಯವಳು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಈ ದೇಶದಲ್ಲಿ ಊರು ಬಿಟ್ಟು ಊರಿಗೆ ಹೋದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಕಾರಣ ಮದುವೆ, ಎಂದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದಾರೆ. ಬರೆದವರು ಮದುಮಗಳನ್ನು ಕಳಿಸಿದ ಮನೆಯ ಪಡಸಾಲೆಯಲ್ಲಿ ಮರುದಿನ ಕುಳಿತು ನೋಡಿಲ್ಲ. ಕಾಡಿನ ಅಂಚಿನ ಅಳ್ನಾವರದಲ್ಲಿ ದೂರದವರೆಗೆ ಬಯಲು ಕಾಣುವುದಿಲ್ಲ, ಉಸಿರು ಕಟ್ಟಿದಂತಾಗುತ್ತದೆ ಎಂದು ಅತ್ತಿ ಬಂದಾಗೊಮ್ಮೆ ಹೇಳುತ್ತಿದ್ದಳು. ಅವಳ ಗಂಡ, ನಮ್ಮ ಮಾಮಾ, ಒಳ್ಳೆಯವನೇ, ಅಲ್ಲಿಯ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದ. ಆದರೂ ನೀಲತ್ತಿಗೆ ಆ ಊರು ಹಿಡಿಸಲಿಲ್ಲ.

ಗಣತಿ ನಡೆಯುವ ಹೊತ್ತಿಗೆ ಅತ್ತಿ ನಮ್ಮ ಮನೆಯಲ್ಲಿದ್ದಳು. ಸೀಮಂತದ ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆಂದು ಕರೆತಂದಿದ್ದೆವು. ಅಪ್ಪ ಊರಿನ ಮನೆಗಳನ್ನು ಮುಗಿಸುತ್ತ ಒಂದು ಸಂಜೆ ನಮ್ಮ ಮನೆಯ ಸರದಿಗೆ ಬಂದರು. ನಮ್ಮ ಮುಂದೆಯೂ ಸರಕಾರದವರ ಹಾಗೆ ಚಕ್ಕಳಮಕ್ಕಳ ಹಾಕಿ ಕುಳಿತು, "ಈ ಮನ್ಯಾಗ ಯಾರ್‍ಯಾರು ಇರ್ತೀರಿ, ಹೇಳ್ರಿ" ಎಂದರು. ನನಗೂ ಅವ್ವನಿಗೂ ನಗು. ಆಯಿಗೆ ನಗು ಬರಲಿಲ್ಲ. ಮನೆಯ ಮಂದಿಯನ್ನು ಎಣಿಸಬಾರದೆಂಬುದು ಅವಳ ನಂಬಿಕೆ. ಜೋಳ ಅಳೆಯುವಾಗಲೂ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದವಳು. ಉಣ್ಣಲು ಕುಳಿತ ಮಕ್ಕಳನ್ನು ಬೆರಳು ಮಾಡಿ ಎಣಿಸಿದರೆ ಕೈಗೆ ಹೊಡೆಯುತ್ತಿದ್ದಳು. "ಉಳಿದವ್ರನ್ನ ಏನರ ಮಾಡ್ಕೊ ತಮ್ಮಾ. ಹಡಿಯೂ ಹುಡುಗೀನ ಎಣಸಬ್ಯಾಡ. ಆಕಿ ಲೆಕ್ಕ ಅಳ್ನಾವರದಾಗ ಆಗವಲ್ತ್ಯಾಕ" ಎಂದಳು.

ನೀಲತ್ತಿ ಕಂಬಕ್ಕೆ ಒರಗಿ ಕುಳಿತಿದ್ದಳು. "ಅಲ್ಲಿ ಬ್ಯಾಡಣ್ಣಾ. ನನ್ನ ಇಲ್ಲೇ ಬರಕೋ. ಕಾಗದದಾಗರ ಈ ಮನಿಯಾಕಿ ಆಗ್ತೀನಿ" ಎಂದಳು. ನಗುತ್ತಲೇ ಅಂದಳು, ಆದರೆ ಅವಳ ಕಣ್ಣು ಅಪ್ಪನ ಪೆನ್ನಿನ ಮೇಲಿತ್ತು. ಅಪ್ಪ ತಂಗಿಯ ಮಾತಿಗೂ ಬರೆಯಲಿಲ್ಲ, ತಾಯಿಯ ಮಾತಿಗೂ ಬಿಡಲಿಲ್ಲ. ಗಣತಿ ನಡೆಯುವ ಅಷ್ಟೂ ದಿನ ತನ್ನ ಮನೆಯಿಂದ ದೂರ ಇರುವವರನ್ನು ಇದ್ದಲ್ಲೇ ಎಣಿಸಬೇಕೆಂಬ ನಿಯಮ ನೋಡಿ, ಅತ್ತಿಯ ಹೆಸರನ್ನು ನಮ್ಮೆಲ್ಲರ ಹೆಸರಿನ ಕೆಳಗೆ ಬರೆದರು. ಅಳ್ನಾವರದವರು ಬರೆಸದಿರಲೆಂದು ಮಾಮಾನಿಗೂ ಹೇಳಿ ಕಳಿಸಿದರು, ಎರಡು ಕಡೆ ಆಗಬಾರದಲ್ಲ. ಅತ್ತಿಯ ಮುಖ ಅರಳಿತು. ಮದುವೆಯ ದಿನವೂ ಅವಳನ್ನು ಅಷ್ಟು ಖುಷಿಯಲ್ಲಿ ನಾನು ನೋಡಿರಲಿಲ್ಲ. "ನೋಡಿದೇನ ಪಾರಿ, ನಾ ಮತ್ತ ನಿಮ್ಮ ಮನಿಯಾಕಿ ಆದ್ನಿ" ಎಂದು ನನ್ನ ಗಲ್ಲ ಹಿಂಡಿದಳು. ಆಯಿ ಎದ್ದು ದೇವರ ಮುಂದಿನ ಭಸ್ಮ ತಂದು ಮಗಳ ಹಣೆಗೆ ಹಚ್ಚಿದಳು.

ಇದನ್ನು ಉದ್ದ ಮಾಡಿ ಹೇಳುವ ಶಕ್ತಿ ನನಗಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಒಳಗಿನ ಕೋಣೆಯಲ್ಲಿ ನೀಲತ್ತಿಗೆ ಹೆಣ್ಣುಮಗು ಹುಟ್ಟಿತು. ದಿನ ತುಂಬುವ ಮೊದಲೇ ಬಂದ ಮಗು, ಆದರೂ ಗಟ್ಟಿಯಾಗಿ ಅತ್ತಿತು. ಅತ್ತಿಯ ರಕ್ತ ಮಾತ್ರ ನಿಲ್ಲಲಿಲ್ಲ. ಯಾರದೋ ಟ್ರ್ಯಾಕ್ಸಿನಲ್ಲಿ ಕೌದಿ ಹಾಸಿ ಮಲಗಿಸಿ ಕುಂದಗೋಳದ ದಾರಿ ಹಿಡಿದರು. ಗಾಡಿ ಅರ್ಧ ದಾರಿಯಿಂದ ತಿರುಗಿ ಬಂದಿತು. ಮಾಮಾನ ಮನೆಯವರು ಬಂದು ಮಣ್ಣಿಗೆ ಅಳ್ನಾವರಕ್ಕೇ ಒಯ್ದರು. ಮದುವೆಯಾದವಳ ಮಣ್ಣು ಗಂಡನ ಊರಿನದೆಂಬುದು ರೂಢಿ. ಮಗು ಆಯಿಯ ಮಡಿಲಲ್ಲಿ ಉಳಿಯಿತು. ನಮ್ಮ ಮನೆಯಲ್ಲಿ ಅಂಥ ಸದ್ದಿಲ್ಲದ ದಿನಗಳನ್ನು ನಾನು ಕಂಡೇ ಇರಲಿಲ್ಲ. ಮಗು ಅತ್ತಾಗಷ್ಟೇ ಮನೆಯಲ್ಲಿ ಜನ ಇದ್ದಾರೆಂದು ಗೊತ್ತಾಗುತ್ತಿತ್ತು.

ಗಣತಿಯಲ್ಲಿ ಎರಡನೆಯ ಸುತ್ತು ಎಂದೊಂದಿದೆ. ತಿಂಗಳು ಮುಗಿದ ಮೇಲೆ ಎಣಿಸಿದ ಮಾಸ್ತರರೇ ಮತ್ತೆ ಮನೆಮನೆಗೆ ಹೋಗಿ, ನಡುವೆ ಯಾರಾದರೂ ಹುಟ್ಟಿದರೇ, ತೀರಿದರೇ ಎಂದು ಕೇಳಬೇಕು. ಹುಟ್ಟಿದವರನ್ನು ಸೇರಿಸಬೇಕು, ತೀರಿದವರ ಹೆಸರನ್ನು ಹೊಡೆದುಹಾಕಬೇಕು. ಅಪ್ಪ ಹೋದರು. ಬೇರೆಯವರನ್ನು ಕಳಿಸುತ್ತೇವೆ ಎಂದು ಜೊತೆಯ ಮಾಸ್ತರರು ಹೇಳಿದ್ದರಂತೆ, ಕೇಳಲಿಲ್ಲ. ಕೆಲವೇ ದಿನಗಳ ಹಿಂದೆ ನಮ್ಮಂಗಳದಲ್ಲಿ ನಿಂತು ಅತ್ತವರ ಮನೆಬಾಗಿಲಿಗೆ ಹೋಗಿ, "ನಾ ಬಂದ ಹೋದ ಮ್ಯಾಲ ಈ ಮನ್ಯಾಗ ಯಾರರ ಹುಟ್ಯಾರೇನ್ರಿ, ಯಾರರ ತೀರ್‍ಯಾರೇನ್ರಿ" ಎಂದು ಕೇಳುತ್ತ ಓಣಿ ಓಣಿ ತಿರುಗಿದರು. ಕೆಲವರು ಉತ್ತರ ಹೇಳಲಾರದೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರೆಂದು ಆಮೇಲೆ ಅವ್ವ ಹೇಳಿದಳು. ಎಲ್ಲ ಮನೆ ಮುಗಿಸಿ ಕೊನೆಗೆ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ, ಚಪ್ಪಲಿ ಬಿಡದೆ ನಿಂತರು. ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿದರು.

ಆಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. "ಒಬ್ಬಾಕಿ ಬಂದಾಳ, ಬರಕೋ. ಯಾರೂ ಹೋಗಿಲ್ಲ" ಎಂದಳು. ಅಪ್ಪ "ಯವ್ವಾ" ಎಂದರು. "ಯಾರೂ ಹೋಗಿಲ್ಲಂದ್ನಿ. ಇರಲಿ ಬಿಡೋ ತಮ್ಮಾ. ಆಕಿ ಅಷ್ಟ ಬಾಯಿಬಿಟ್ಟ ಕೇಳಿದ್ಲು. ಕಾಗದದಾಗ ಒಂದ ಹೆಸರ ಇದ್ರ ಸರಕಾರಕ್ಕ ಏನ ಭಾರ ಆಕ್ಕೈತಿ?" ಆಯಿ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಹೊಸ್ತಿಲ ಮೇಲೇ ಕುಳಿತರು. ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಬಹಳ ಹೊತ್ತು ಪೆನ್ನು ಹಿಡಿದು, ಕೊನೆಗೆ ಗೆರೆ ಎಳೆದರು. ಅದರ ಕೆಳಗೆ ಹೆಸರಿಡದ ಮಗುವನ್ನು ಬರೆದರು. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಗೆರೆ ಎಳೆಯುವ ಕೈ ಹೇಗೆ ಹೋಗುತ್ತದೆಂದು ಯಾರಿಗೆ ತಿಳಿಯುವುದಿಲ್ಲ? ಅಪ್ಪನ ಕಣ್ಣೀರು ಕಾಗದದ ಮೇಲೆ ಬೀಳದಂತೆ ಅವರು ಮುಖ ಪಕ್ಕಕ್ಕೆ ಹಿಡಿದಿದ್ದರು. ನಮ್ಮ ಮನೆಯ ಮೊತ್ತ ಮಾತ್ರ ಹಿಂದೆ ಇದ್ದಷ್ಟೇ ಉಳಿಯಿತು.

ಅಂದಿನಿಂದ ಆಯಿ ಮಗನನ್ನು ತಮ್ಮಾ ಎಂದು ಕರೆಯಲಿಲ್ಲ. ಊರ ಮಂದಿಯ ಹಾಗೆ "ಮಾಸ್ತರ, ಉಣ್ಣಾಕ ಬರ್‍ರಿ" ಎನ್ನತೊಡಗಿದಳು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಆ ಮರ್ಯಾದೆ ಅವರನ್ನು ತಿಂದುಹಾಕಿತು. ಎಣಿಸಿದ್ದಕ್ಕೇ ಹೋದಳು ಎಂದು ಆಯಿ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಇದ್ದದ್ದರಿಂದ ಅದು ಮನೆಯಲ್ಲಿ ಉಳಿದುಬಿಟ್ಟಿತು. ಕೂಸಿಗೆ ಗಿರಿಜಾ ಎಂದು ಹೆಸರಿಟ್ಟೆವು. ಅದು ಅಂಬೆಗಾಲಿಡುವ ಹೊತ್ತಿಗೆ ಮಾಮಾನ ಮನೆಯವರು ಕರೆದೊಯ್ಯಲು ಬಂದರು. ಆಯಿ ಕೂಸಿನ ಗಂಟು ಕಟ್ಟಿದಳು, ಜೊತೆಗೆ ತನ್ನ ಸೀರೆಗಳ ಗಂಟನ್ನೂ ಕಟ್ಟಿದಳು. ಅಳಿಯನ ಮನೆಯಲ್ಲಿ ನೀರು ಕುಡಿಯಲೂ ಹಿಂಜರಿಯುತ್ತಿದ್ದ ಹೆಂಗಸು ಅಳ್ನಾವರಕ್ಕೆ ಹೋಗಿ ಅಲ್ಲೇ ಉಳಿದಳು, ಮೊಮ್ಮಗಳನ್ನು ಬೆಳೆಸಿ ಅಲ್ಲೇ ತೀರಿದಳು. ಅಪ್ಪ ಕುಂದಗೋಳಕ್ಕೆ ವರ್ಗ ಮಾಡಿಸಿಕೊಂಡರು. ಮಾಳಿಗೆಗೆ ಮಣ್ಣು ಹಾಕುವವರಿಲ್ಲದೆ ಮನೆ ಎರಡು ಮಳೆಗಾಲದಲ್ಲಿ ಕೂತುಹೋಯಿತು. ಈಗ ಅಲ್ಲಿ ಕೊಂಡವರ ತಗಡಿನ ಶೆಡ್ಡು ಇದೆ, ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಅಪ್ಪನೂ ಹೋಗಿ ಕೆಲವು ವರ್ಷಗಳಾದವು. ನಿಮ್ಮಲ್ಲೂ ಅಂಥದೊಂದು ಮನೆ ಇದ್ದರೆ ನಿಮಗೆ ಗೊತ್ತಿರುತ್ತದೆ. ಗೋಡೆ ಬಿದ್ದದ್ದಕ್ಕೆ ಅಳು ಬರುವುದಿಲ್ಲ, ಅಲ್ಲಿಗೆ ಹೋದರೆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲವಲ್ಲ ಎಂದು ಬರುತ್ತದೆ.

ಈಗ ಮತ್ತೆ ಗಣತಿ ಬಂದಿದೆ, ಎಲ್ಲ ಮೊಬೈಲಿನಲ್ಲಿ. ನನಗೂ ತರಬೇತಿಗೆ ಕರೆ ಬಂದಿದೆ. ಗಿರಿಜಾ ಸದ್ಯ ನಮ್ಮ ಮನೆಯಲ್ಲಿದ್ದಾಳೆ. ಅವಳಿಗೂ ಇದು ಚೊಚ್ಚಲು. ಮಾಮಾ ಮತ್ತೆ ಮದುವೆಯಾದ ಮೇಲೆ ಆ ಮನೆಗೆ ಇವಳು ಎಂದೋ ಹೊರಗಿನವಳಾಗಿದ್ದಾಳೆ. "ಎಲ್ಲಾರೂ ತವರಿಗೆ ಹೋಗ್ತಾರಕ್ಕಾ. ನಾ ನಿನ್ನ ಕಡೆ ಬರ್ಲ್ಯಾ?" ಎಂದು ಫೋನಿನಲ್ಲಿ ಕೇಳಿದಾಗ ಮರುದಿನವೇ ಹೋಗಿ ಕರೆತಂದೆ. ಆಸ್ಪತ್ರೆ ಕೂಗಳತೆಯಲ್ಲಿದೆ, ಡಾಕ್ಟರು ಎಲ್ಲ ಸರಿಯಿದೆ ಎನ್ನುತ್ತಾರೆ. ಆದರೂ ಅವಳು ಕೆಮ್ಮಿದರೆ ನಾನು ಎದ್ದು ಕೂರುತ್ತೇನೆ.

ಆ ದಿನ ಶಾಲೆಯಿಂದ ಬಂದವಳೇ ನಕಾಶೆಯ ವಿಷಯ ಅವಳಿಗೆ ಹೇಳಿದೆ. ಹೇಳುತ್ತ ಹೇಳುತ್ತ ಎಲ್ಲವೂ ಹೊರಗೆ ಬಂತು.

"ಹಂಗಾರ ನಮ್ಮವ್ವನ್ನ ಕಡೀಕ ಯಾವ ಊರಾಗ ಎಣಿಸಿದ್ರಕ್ಕಾ?"

"ಯಾವ ಊರಾಗೂ ಇಲ್ಲ. ಇಲ್ಲಿ ಹೊಡದ್ರು, ಅಲ್ಲಿ ಬರೀಲಿಲ್ಲ."

"ನನ್ನ?"

"ನಿನ್ನ ನಮ್ಮ ಮನ್ಯಾಗ ಬರದ್ರು. ಹೆಸರಿರಲಿಲ್ಲ, ಹೆಣ್ಣಕೂಸು ಅಂತ ಬರದ್ರು."

ಅವಳು ಕಿಟಕಿಯ ಕಡೆ ತಿರುಗಿದಳು. "ಅವ್ವ ಬೇಡಿದ ಜಾಗಾ ನನಗ ಕೊಟ್ರು" ಎಂದಳು. ಆಮೇಲೆ ಮೆಲ್ಲಗೆ, "ನನಗದು ಬ್ಯಾಡಾಗಿತ್ತಕ್ಕಾ" ಎಂದಳು.

ನಾನು ಪಕ್ಕ ಕುಳಿತು ಅವಳ ಪಾದಗಳನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಬಾತಿದ್ದವು. ಒತ್ತುತ್ತ ಕುಳಿತೆ.