ಮಗ್ಗದ ಶೆಡ್ಡಿನ ಬ್ಯಾಲೆ ಮಿಸ್

ಮಿಸ್ಸಿನ ಕಾಲ್ಬೆರಳುಗಳನ್ನು ನಾನು ಮೊದಲ ಸಲ ಕಂಡದ್ದು ನಮ್ಮ ಮಗ್ಗದ ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅದರ ಬುಡದಲ್ಲಿ ಹಸಿಶುಂಠಿಯ ಗೆಣ್ಣಿನಂತೆ ಮೂಳೆ ಉಬ್ಬಿ ಹೊರಗೆ ಬಂದಿತ್ತು. ಕೆಲವು ಉಗುರು ಕಪ್ಪಾಗಿದ್ದವು, ಕೆಲವು ಇರಲೇ ಇಲ್ಲ. ಮುಖ ನೋಡಿದರೆ ಇನ್ನೂ ನಲವತ್ತು ಮುಟ್ಟದ, ಲಕ್ಷಣವಾದ ಹೆಂಗಸು. ನನ್ನ ಕಣ್ಣು ಎಲ್ಲಿದೆ ಎಂದು ಗೊತ್ತಾದ ಕೂಡಲೇ ಕಾಲುಚೀಲ ಎಳೆದುಕೊಂಡರು.

"ಡ್ಯಾನ್ಸು ಕೊಟ್ಟ ಬಹುಮಾನ ಕಣಮ್ಮ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹಿಂದೂಪುರದಲ್ಲಿ ನಮ್ಮದು ನೇಯುವವರ ಮನೆ. ಮಗ ಪವರ್‌ಲೂಮುಗಳನ್ನೆಲ್ಲ ಗುಜರಿಗೆ ಹಾಕಿ ಸೀರೆ ವ್ಯಾಪಾರಕ್ಕೆ ಇಳಿದ ಮೇಲೆ ಶೆಡ್ಡು ಬಣಗುಟ್ಟುತ್ತಿತ್ತು. ಮೊಮ್ಮಗಳು ಓದುತ್ತಿದ್ದ ಖಾಸಗಿ ಶಾಲೆಯ ಮಾಲೀಕ ಅದನ್ನು ಡ್ಯಾನ್ಸ್ ಕ್ಲಾಸಿಗೆ ಕೇಳಿದ. ಅವನನ್ನು ಊರೆಲ್ಲ ಕರೆಸ್ಪಾಂಡೆಂಟ್ ಎಂದೇ ಕರೆಯುವುದು. ಬೇರೆ ಶಾಲೆಯವರು ಕರಾಟೆ ಇಟ್ಟಿದ್ದಾರೆ, ತಾನು ಬ್ಯಾಲೆ ಇಡುತ್ತೇನೆ ಎಂಬ ಜಂಬ ಅವನದು. ಮಿಸ್ ಸಿಕ್ಕಿದ್ದು ಅವನ ಅದೃಷ್ಟ. ಕಲ್ಯಾಣದುರ್ಗದ ಒಕ್ಕಲುಮನೆಯ ಹುಡುಗಿ ಅವರು. ಅಪ್ಪ ಬೆಂಗಳೂರಿನಲ್ಲಿ ಒಂದು ಡ್ಯಾನ್ಸ್ ಶಾಲೆಯ ವ್ಯಾನ್ ಓಡಿಸುತ್ತಿದ್ದರಂತೆ. ಅಲ್ಲೇ ಕಲಿತು, ಮದುವೆಯಾಗಿ ನಮ್ಮೂರಿಗೆ ಬಂದಿದ್ದರು.

ಶಾಲೆಯ ವಾರ್ಷಿಕೋತ್ಸವ ಎಂದರೆ ನನಗೆ ಮೊದಲಿನಿಂದಲೂ ಹೇಸಿಗೆ. ಹಾಲುಹಲ್ಲು ಬಿದ್ದಿರದ ಹೆಣ್ಣುಮಕ್ಕಳ ತುಟಿಗೆ ಬಣ್ಣ ಬಳಿದು, ಹೊಟ್ಟೆ ಕಾಣುವ ಬಟ್ಟೆ ತೊಡಿಸಿ, ಸಿನಿಮಾ ಹಾಡಿಗೆ ಸೊಂಟ ತಿರುಗಿಸಲು ಬಿಡುತ್ತಾರೆ. ಕೆಳಗೆ ಅಪ್ಪಂದಿರು ಶಿಳ್ಳೆ ಹೊಡೆಯುತ್ತಾರೆ, ಅಮ್ಮಂದಿರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಆ ಮಕ್ಕಳು ಕಣ್ಣು ಹೊಡೆಯುವುದನ್ನು ನೋಡಲಾರದೆ ಒಂದು ಸಲ ನಡುವೆಯೇ ಎದ್ದು ಬಂದಿದ್ದೆ. ಬ್ಯಾಲೆಯೂ ಅದೇ ಜಾತಿಯ ಇನ್ನೊಂದು ಕಸುಬು ಎಂದುಕೊಂಡೇ ಶೆಡ್ಡಿನ ಬೀಗ ತೆಗೆದುಕೊಟ್ಟೆ.

ಮೊದಲ ವಾರವೇ ಬಾಗಿಲಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತವಳು ಸುಲಿಯುವುದನ್ನೇ ಮರೆತೆ. ಮಿಸ್ ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿದ್ದರು. ಒಂದು ಸಾಲು ಹಿಮ್ಮಡಿ ಎತ್ತಿ ಮೇಲೇಳುವುದು, ಅದೇ ಹೊತ್ತಿಗೆ ಇನ್ನೊಂದು ಸಾಲು ಮಂಡಿ ಮಡಿಸಿ ತಗ್ಗುವುದು. ನಡುವೆ ಒಂದು ಮಗು ಲಾಳಿಯಾಗಿ ಈ ಗೋಡೆಯಿಂದ ಆ ಗೋಡೆಗೆ ಓಡುವುದು. ಅದು ಗೋಡೆ ಮುಟ್ಟಿದೊಡನೆ ಎದ್ದ ಸಾಲು ತಗ್ಗಬೇಕು, ತಗ್ಗಿದ್ದು ಏಳಬೇಕು. ಪಿಳ್ಳೆಗಳೆಲ್ಲ ಬಾಯಲ್ಲೇ "ಟಕ್ಕು ಟಕ್ಕು" ಎನ್ನುತ್ತಿದ್ದವು. ಖಾಲಿ ಬಿದ್ದಿದ್ದ ನನ್ನ ಶೆಡ್ಡಿನಲ್ಲಿ ಮತ್ತೆ ಮಗ್ಗ ನಡೆಯುತ್ತಿತ್ತು. ಕಣ್ಣಲ್ಲಿ ನೀರು ಬಂತು, ಯಾಕೆ ಸುಳ್ಳು ಹೇಳಲಿ.

ಕನ್ನಡಿ ಇಡಲು ಅವರು ಒಪ್ಪಲಿಲ್ಲ. ಕೋಲು ಹಿಡಿಯಲಿಲ್ಲ. ಕಾಲು ನೆಟ್ಟಗಿಡು, ಬೆನ್ನು ನೆಟ್ಟಗಿಡು ಎಂದು ಒಮ್ಮೆಯೂ ಹೇಳಲಿಲ್ಲ. ಕೆರೆಯ ಕೊಕ್ಕರೆ ಮೀನಿಗೆ ಕಾಯುವುದು ಹೇಗೆ ಎಂದು ಕೇಳುವರು, ಮಕ್ಕಳು ತಾವಾಗಿ ಒಂಟಿಕಾಲಲ್ಲಿ ನಿಲ್ಲುವರು. ಯಾವುದಾದರೂ ಮಗು ಬೇಸತ್ತು ನೆಲದ ಮೇಲೆ ಉರುಳಿಕೊಂಡರೆ ಮಿಸ್ಸೂ ಪಕ್ಕದಲ್ಲೇ ಉರುಳಿಕೊಂಡು, "ಸರಿ, ಈಗ ನಾವು ಏನು?" ಎಂದು ಕೇಳುವರು. ಮಕ್ಕಳು ಬದನೆಕಾಯಿ ಎಂದರೆ ಬದನೆಕಾಯಿ, ಎಮ್ಮೆ ಎಂದರೆ ಎಮ್ಮೆ. "ಚಿಕ್ಕೋರ ಮೂಳೆ ಇನ್ನಾ ಹಸಿ ಕಣಮ್ಮ, ಬಗ್ಗಿಸಿದಂಗೆ ಬಗ್ತದೆ. ಅದ್ಕೇ ಬಗ್ಗಿಸ್ಬಾರ್ದು" ಎನ್ನುತ್ತಿದ್ದರು.

ಒಂದು ದಿನ ರೇಷ್ಮೆಹುಳುವಿನ ಪಾಠ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನು ಮಕ್ಕಳಿಂದ ಮಾಡಿಸಿದ್ದರು. ಅಂದು ಸಂಜೆ ನನ್ನ ಮೊಮ್ಮಗಳು ಮುದ್ದೆಯ ತಟ್ಟೆ ಮುಂದೆ ಕತ್ತೆತ್ತಿ ಕೂತುಬಿಟ್ಟಳು. ಉಣ್ಣಲೊಲ್ಲಳು, ಮಾತಾಡಲೊಲ್ಲಳು. ಸೊಸೆ ಗಾಬರಿಯಾಗಿ ಮಗುವಿಗೆ ಗಾಳಿ ಸೋಕಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆಯಲು ಹೊರಟಳು. ನನ್ನ ತವರು ಗೋರಂಟ್ಲದ ಕಡೆ, ಹುಳು ಸಾಕಿದ ಮನೆ. ನೋಡಿದೊಡನೆ ತಿಳಿಯಿತು.

"ಮುಟ್ಬೇಡ ಬಿಡೇ, ಪೊರೆ ಬಿಡ್ತಾವ್ಳೆ. ಆಮೇಲೆ ನೋಡು, ಎಷ್ಟು ತಿಂತಾಳೆ" ಎಂದೆ. ಹಾಗೇ ಆಯಿತು. ಸ್ವಲ್ಪ ಹೊತ್ತಿಗೆ ಮೈ ಕೊಡವಿ ಎದ್ದವಳು ಸೊಸೆಯ ಪಾಲಿನ ಮುದ್ದೆಯನ್ನೂ ನುಂಗಿದಳು.

ಈ ಸುದ್ದಿ ಶಾಲೆ ಮುಟ್ಟಿತು. ಸೋಮಂದೇಪಲ್ಲಿಯಿಂದ ಮಗಳನ್ನು ಕಾರಲ್ಲಿ ಕರೆತರುತ್ತಿದ್ದ ಒಬ್ಬ ತಾಯಿ ಶೆಡ್ಡಿನ ಬಾಗಿಲಲ್ಲೇ ಜಗಳಕ್ಕೆ ನಿಂತಳು. "ಏಮಿಟಿದಿ ಮಿಸ್, ಪಿಲ್ಲಲ್ನಿ ಪುರುಗುಲು ಚೇಸ್ತುನ್ನಾರಾ?" ಮಕ್ಕಳನ್ನು ಹುಳು ಮಾಡುತ್ತಿದ್ದೀರಾ ಎಂದು. ಉಟ್ಟಿದ್ದು ರೇಷ್ಮೆ ಸೀರೆ, ಹುಳುವೆಂದರೆ ಅಸಹ್ಯ! ಮಿಸ್ ಸಿಟ್ಟಾಗಲಿಲ್ಲ. "ಮೊದಲು ಹುಳ ಆಗ್ಲಿ ಬಿಡಿ ಮೇಡಂ, ರೆಕ್ಕೆ ಅದರ ಟೈಮಿಗೆ ಬತ್ತದೆ" ಎಂದರು.

ಕಾಯುವ ತಾಳ್ಮೆ ಯಾರಿಗಿತ್ತು? ಕರೆಸ್ಪಾಂಡೆಂಟ್ ಕಲ್ಯಾಣದುರ್ಗದಲ್ಲಿ ಶಾಲೆಯ ಇನ್ನೊಂದು ಶಾಖೆ ತೆರೆಯುವವನಿದ್ದ. ಉದ್ಘಾಟನೆಗೆ ನಮ್ಮ ಮಕ್ಕಳ ಬ್ಯಾಲೆ ಬೇಕು, ಅದೂ ಬೆರಳ ತುದಿಯ ಮೇಲೆ ನಿಂತ ಬ್ಯಾಲೆ. ತುದಿ ಗಟ್ಟಿಯಿರುವ ಶೂಗಳನ್ನು ಆನ್‌ಲೈನಿನಲ್ಲಿ ತರಿಸಿದ. ಮಿಸ್ ಕೂಡದು ಎಂದರು. ಆರು ವರ್ಷದ ಮಕ್ಕಳು, ಇನ್ನೂ ಎಷ್ಟೋ ವರ್ಷ ಕಾಯಬೇಕು, ಪಾದ ಹಾಳಾಗುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದರು. "ಒಂದು ಫೋಟೋಗೆ ಏನಾಯ್ತದೆ ಮಿಸ್?" ಎಂದು ಎಲ್ಲರದೂ ಒಂದೇ ಮಾತು. ನನ್ನ ಮಗನದೂ ಅದೇ ಮಾತು. ಅವನಿಗೆ ನಾನು ಅಂದು ಊಟ ಬಡಿಸಲಿಲ್ಲ.

ಉದ್ಘಾಟನೆಯ ದಿನ ಕಲ್ಯಾಣದುರ್ಗದ ಫಂಕ್ಷನ್ ಹಾಲಿನ ಹಿಂದಿನ ಕೋಣೆಯಲ್ಲಿ ಸೆಖೆ, ಸೆಂಟು, ಬೆವರು, ಬಿರಿಯಾನಿಯ ವಾಸನೆ ಎಲ್ಲ ಕಲಸಿಕೊಂಡಿತ್ತು. ಮುಖ್ಯ ಅತಿಥಿ ಬರುವುದು ತಡವಾಗಿ, ಮಕ್ಕಳ ಮುಖದ ಬಣ್ಣ ಕತ್ತಿನವರೆಗೆ ಇಳಿದಿತ್ತು. ತಾಯಂದಿರು ಶೂ ತೊಡಿಸಲು ಕೂತಿದ್ದರು. ಮಿಸ್ ಒಳಗೆ ಬಂದು ನಡುವೆ ಕುರ್ಚಿ ಎಳೆದುಕೊಂಡರು. ಯಾರೆದುರೂ ತೆಗೆಯದ ಕಾಲುಚೀಲ ತೆಗೆದು ಎರಡೂ ಪಾದ ಮುಂದೆ ಚಾಚಿದರು.

"ಏಳನೇ ವರ್ಸಕ್ಕೆ ನನ್ನ ಇಂಥದ್ರಲ್ಲಿ ನಿಲ್ಸಿದ್ರು. ಯಾರೋ ದೊಡ್ಡೋರು ನೋಡಾಕೆ ಬತ್ತಾರೆ ಅಂತ. ನಮ್ಮಪ್ಪ ಚಪ್ಪಾಳೆ ಹೊಡ್ದ. ಮುಟ್ಟಿ ನೋಡ್ರಮ್ಮ."

ಯಾರೂ ಮುಟ್ಟಲಿಲ್ಲ. ಒಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹುಳುವಿನ ಬಗ್ಗೆ ಜಗಳಕ್ಕೆ ಬಂದಿದ್ದವಳು, "ಛೀ, ಮುಚ್ಕೋಳಿ ಮಿಸ್, ಇನ್ನಾ ಊಟ ಮಾಡ್ಬೇಕು" ಎಂದಳು. ಹಾಗೆಂದವಳೇ ಮಗಳ ಕಾಲಿನ ಶೂವಿನ ರಿಬ್ಬನ್ ಬಿಗಿದು ಗಂಟು ಹಾಕಿದಳು. ಆ ಕೋಣೆಯಲ್ಲಿ ಅವರಿಗೆ ಅಸಹ್ಯ ಕಂಡದ್ದು ಮಿಸ್ಸಿನ ಕಾಲು ಮಾತ್ರ.

ನನ್ನ ಸೊಸೆ ಕೈಯಲ್ಲಿ ಒಂದು ಶೂ ಹಿಡಿದು ಮಿಸ್ಸಿನ ಪಾದವನ್ನೇ ನೋಡುತ್ತಿದ್ದಳು. ಮೆಲ್ಲಗೆ ಅದನ್ನು ಡಬ್ಬಿಗೆ ಹಾಕಿ, "ಅತ್ತೆ, ಮಗೀನ ಕರ್ಕೊಂಡು ಹೋಗ್ರಿ. ಅವರಪ್ಪನಿಗೆ ನಾನು ಯೋಳ್ತೀನಿ" ಎಂದಳು. ಅಲ್ಲಿಯವರೆಗೆ ಅವಳನ್ನು ನಾನು ದಡ್ಡಿ ಎಂದೇ ತಿಳಿದಿದ್ದೆ.

ಮೊಮ್ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಹಾಲಿನ ಕೊನೆಯಲ್ಲಿ ನಿಂತೆ. ಉಳಿದ ಮಕ್ಕಳನ್ನು ಸ್ಟೇಜಿನಲ್ಲಿ ಕುರ್ಚಿಯ ಬೆನ್ನು ಹಿಡಿಸಿ ಬೆರಳ ತುದಿಯ ಮೇಲೆ ಎಬ್ಬಿಸಿದರು. ಕಾಲುಗಳು ಗಡಗಡ ನಡುಗುತ್ತಿದ್ದವು. ಒಂದು ಮಗು ಅಳು ಶುರು ಮಾಡಿತು, ಅದರ ತಾಯಿ ಕೆಳಗಿನಿಂದ "ಸ್ಮೈಲ್, ಸ್ಮೈಲ್" ಎಂದು ಕೂಗುತ್ತಿದ್ದಳು. ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ಮಿಸ್ ಆಗ ಹೊರಗೆ ಬೇವಿನ ಮರದ ಕೆಳಗೆ ಬರಿಗಾಲಲ್ಲಿ ನಿಂತಿದ್ದರು. ಒಳಗೆ ಕಾಲಿಡಲಿಲ್ಲ.

ಮಾರನೆಯ ದಿನವೇ ಅವರನ್ನು ಕೆಲಸದಿಂದ ತೆಗೆದರು. ನಮ್ಮ ಶೆಡ್ಡು ಶಾಲೆಯ ಬಾಡಿಗೆಯಲ್ಲಿತ್ತು, ಅದಕ್ಕೆ ಮಿಸ್ ಭಾನುವಾರಗಳಂದು ಕಲ್ಯಾಣದುರ್ಗದ ಅಣ್ಣನ ಮನೆಗೆ ಹೋಗಿ, ಅಲ್ಲಿನ ಪಡಸಾಲೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಹೇಳಿಕೊಡತೊಡಗಿದರು. ಕಂಬದೂರಿನ ಕಡೆಯಿಂದ ಕುರಿ ಕಾಯುವವರ ಮಕ್ಕಳೂ ಆಟೋದಲ್ಲಿ ಬರುತ್ತಿದ್ದರು. ಭಾನುವಾರದ ಬಸ್ಸಿಗೆ ನಾನು ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳು ಅಲ್ಲಿ ಕುರಿಯಾದಳು, ಗಾಳಿಯಾದಳು, ಎಂಥದೋ ಹೆಸರಿಲ್ಲದ ಪ್ರಾಣಿಯೂ ಆದಳು. ಅವಳಿಗೆ ಕುಣಿಯುವುದೆಂದರೆ ಇವತ್ತಿಗೂ ಖುಷಿಯ ಕೆಲಸವಾಗಿ ಉಳಿದಿದ್ದರೆ ಅದು ಆ ಪಡಸಾಲೆಯ ಋಣ. ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ಮಿಸ್ಸಿಗೆ ಡೆಂಗ್ಯೂ ಬಂತು, ಉಳಿಯಲಿಲ್ಲ. ಮಣ್ಣು ಮಾಡಿ ಬಂದ ವಾರದಲ್ಲೇ ಹಿಂದೂಪುರದ ಶಾಲೆಯ ಗೇಟಿಗೆ ಒಂದು ಫ್ಲೆಕ್ಸ್ ಬಿತ್ತು. ಒಂದು ಕಡೆ ಕೈ ಮುಗಿದ ಕರೆಸ್ಪಾಂಡೆಂಟ್, ಆಳೆತ್ತರಕ್ಕೆ. ನಡುವೆ ಅದೇ ಉದ್ಘಾಟನೆಯ ಫೋಟೋ, ಬೆರಳ ತುದಿಯ ಮೇಲೆ ನಿಂತ ಮಕ್ಕಳು. ಅವರ ಹಿಂದೆ, ಎರಡೂ ಕೈ ಚಾಚಿ ನಗುತ್ತಾ ನಿಂತ ಮಿಸ್. ಬೇರೆಲ್ಲಿಯದೋ ಚಿತ್ರ ಕತ್ತರಿಸಿ ಅಲ್ಲಿ ಅಂಟಿಸಿದ್ದರು. ಕೆಳಗೆ, ಅವರ ಕನಸನ್ನು ಮುಂದುವರಿಸುತ್ತೇವೆ ಎಂದು ದಪ್ಪ ಅಕ್ಷರ.

ಮನೆಗೆ ಹೋಗಿ ಕತ್ತರಿ ತಂದೆ. ವಾಚ್‌ಮನ್ "ವದ್ದಮ್ಮಾ, ಸಾರ್ ತಿಡತಾರು" ಎನ್ನುತ್ತಲೇ ಇದ್ದ, ಬೇಡಮ್ಮ, ಸಾರ್ ಬೈಯುತ್ತಾರೆ ಎಂದು. ಅವನ ಸ್ಟೂಲನ್ನೇ ಎಳೆದು ಹತ್ತಿ, ಮಿಸ್ಸಿದ್ದಷ್ಟನ್ನು ಸುತ್ತಲೂ ಕತ್ತರಿಸಿ ತೆಗೆದೆ. ಇಳಿಯುವ ಹೊತ್ತಿಗೆ ಕರೆಸ್ಪಾಂಡೆಂಟ್ ಓಡಿ ಬಂದ. ಸುತ್ತ ಮಕ್ಕಳನ್ನು ಬಿಡಲು ಬಂದ ತಾಯಂದಿರು ನಿಂತಿದ್ದರು.

"ಏನಮ್ಮಾ ಇದು? ಸತ್ತೋರಿಗೆ ಮರ್ಯಾದೆ ಮಾಡೋದು ಬ್ಯಾಡ್ವಾ?"

ಫ್ಲೆಕ್ಸಿನ ತುಂಡನ್ನು ಸುರುಳಿ ಸುತ್ತಿ ಕಂಕುಳಿಗೆ ಇಟ್ಟುಕೊಂಡೆ.

"ಮಿಸ್ಸು ಅವತ್ತು ಅಲ್ಲಿ ನಿಂತಿರ್ಲಿಲ್ಲ ಕಣಪ್ಪ" ಎಂದೆ. "ನಾನು ನೋಡಿದೀನಿ. ಇವರೆಲ್ಲಾನೂ ನೋಡವ್ರೆ."